ಎಣಿಕೆಗೆ ಸಿಗದ ಶಸ್ತ್ರವೈದ್ಯ

ವೈದ್ಯಕೀಯ ಸಂಶೋಧಕರ ಯೋಗ್ಯತೆಯನ್ನು ಅಳೆಯಲು ಈಗ ಎಲ್ಲರ ಕೈಗೂ ಸುಲಭವಾಗಿ ಸಿಗುವ ಅಳತೆಗೋಲು ಉಲ್ಲೇಖಗಳ ಸಂಖ್ಯೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಕೊಟ್ಟ ಮೇಲಂತೂ ಇಡೀ ಜೀವಮಾನದ ಕೆಲಸ ಒಂದೇ ಅಂಕಿಯೊಳಗೆ ಕೂತುಬಿಟ್ಟಿದೆ. ಈ ಅಂಕಿಯನ್ನು ಎಷ್ಟು ನಂಬಬೇಕೆಂದು ತಿಳಿಯಬಯಸುವವರು ಉಕ್ರೇನಿನ ಖಾರ್ಕಿವ್ ನಗರದ ರಕ್ತನಾಳ ಶಸ್ತ್ರವೈದ್ಯ ನಿಕೊಲಾಯ್ ವೊಲೊಡೋಸ್ ಅವರ ಕೆಲಸವನ್ನು ನೋಡಬೇಕು.

ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆ ಉಬ್ಬಿಕೊಂಡರೆ ಅದು ಯಾವಾಗ ಒಡೆಯುತ್ತದೋ ಹೇಳಲಾಗದು. ಒಡೆದರೆ ಬದುಕುವವರು ಕಡಿಮೆ. ಎದೆಯನ್ನೋ ಹೊಟ್ಟೆಯನ್ನೋ ಸೀಳಿ, ಹಾಳಾದ ಭಾಗದಲ್ಲಿ ಬಟ್ಟೆಯ ಕೊಳವೆ ಹೊಲಿಯುವುದೇ ಆಗಿನ ದಾರಿ. ವೊಲೊಡೋಸ್ ಬೇರೆ ದಾರಿ ಹುಡುಕಿದರು. ಅಂಕುಡೊಂಕಾದ ಲೋಹದ ಸ್ಪ್ರಿಂಗನ್ನು ಕೃತಕ ರಕ್ತನಾಳಕ್ಕೆ ಜೋಡಿಸಿ, ಮಡಚಿ, ತೆಳು ಕೊಳವೆಯೊಳಗೆ ತುಂಬಿ, ತೊಡೆಸಂದಿನ ಅಪಧಮನಿಯಿಂದ ಮೇಲಕ್ಕೆ ತಳ್ಳುವುದು. ಸರಿಯಾದ ಜಾಗಕ್ಕೆ ಬಂದೊಡನೆ ಹೊರಗಿನ ಕೊಳವೆಯನ್ನು ಹಿಂದಕ್ಕೆಳೆಯುವುದು. ಸ್ಪ್ರಿಂಗ್ ತಾನಾಗಿ ಅರಳಿ ನಾಳದ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ. ಹೊಲಿಗೆಯ ಮಾತೇ ಇಲ್ಲ. 1985ರ ಮೇನಲ್ಲಿ ಸೊಂಟದ ಭಾಗದ ಅಪಧಮನಿಯಲ್ಲಿ ಇದನ್ನು ಮೊದಲು ಕೂರಿಸಿದರು. 1987ರ ಮಾರ್ಚ್‌ನಲ್ಲಿ ಅಪಘಾತದ ಗಾಯದಿಂದ ಎದೆಯ ಮಹಾಪಧಮನಿ ಉಬ್ಬಿದ್ದ ರೋಗಿಯಲ್ಲಿ ಕೂರಿಸಿದರು.

ಈ ಸಾಧನವನ್ನು ಲೋಕಕ್ಕೆ ತಿಳಿಸಿದ ಪ್ರಬಂಧ 1986ರಲ್ಲಿ ವೆಸ್ತ್‌ನಿಕ್ ಖಿರೂರ್ಗಿಯಿ ಎಂಬ ರಷ್ಯನ್ ಪತ್ರಿಕೆಯಲ್ಲಿ ಬಂತು. ಮೂರೇ ಪುಟ. ಅದರ ಶೀರ್ಷಿಕೆ ಇಂಗ್ಲಿಷ್ ರೂಪದಲ್ಲಿ ವೈದ್ಯಕೀಯ ಸೂಚಿಗಳಲ್ಲಿ ಸೇರಿಕೊಂಡಿತ್ತು, ಯಾರು ಹುಡುಕಿದರೂ ಸಿಗುವಂತಿತ್ತು. ಆದರೂ ಪಶ್ಚಿಮದ ವೈದ್ಯರು ಬಹುಕಾಲ ಅದನ್ನು ಗಮನಿಸಲಿಲ್ಲ. 1991ರಲ್ಲಿ ಯೂರೋಪಿನ ವಾಸಾ ಪತ್ರಿಕೆಯ ಪುರವಣಿಯಲ್ಲಿ ಅವರ ಇನ್ನೊಂದು ವರದಿ ಪ್ರಕಟವಾಯಿತು. ಅದೂ ಸದ್ದು ಮಾಡಲಿಲ್ಲ.

ಅದೇ 1991ರಲ್ಲಿ ಬ್ಯೂನಸ್ ಐರಿಸ್‌ನ ಶಸ್ತ್ರವೈದ್ಯ ಹುವಾನ್ ಪರೋಡಿ, ಹುಲಿಯೋ ಪಾಲ್ಮಾಸ್ ಮತ್ತು ಹೆಕ್ಟರ್ ಬರೋನೆ ಜೊತೆ ಆನಲ್ಸ್ ಆಫ್ ವ್ಯಾಸ್ಕ್ಯುಲರ್ ಸರ್ಜರಿಯಲ್ಲಿ ಬರೆದ ಲೇಖನ ಈ ಕ್ಷೇತ್ರದ ಬುನಾದಿ ಎನಿಸಿಕೊಂಡಿತು. ಅದರಲ್ಲಿದ್ದದ್ದು ಐದೇ ರೋಗಿಗಳ ಕಥೆ. ಪರೋಡಿಗೆ ಸಂದ ಗೌರವವನ್ನು ನಾನು ಪ್ರಶ್ನಿಸುವುದಿಲ್ಲ. 1990ರ ಸೆಪ್ಟೆಂಬರ್‌ನಲ್ಲಿ ಅವರು ಕೈಹಾಕಿದ್ದು ಹೊಟ್ಟೆಯ ಮಹಾಪಧಮನಿಗೆ. ಈ ಕಾಯಿಲೆ ಹೆಚ್ಚಾಗಿ ಕಾಣುವುದೇ ಅಲ್ಲಿ. ಬರೆದು ಸುಮ್ಮನಾಗಲೂ ಇಲ್ಲ. 1992ರ ನವೆಂಬರ್‌ನಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿನ ವೈದ್ಯರ ಜೊತೆ ನಿಂತು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಪಕ್ಕದಲ್ಲಿ ನಿಂತು ಕಂಡವರೇ ಆಮೇಲೆ ಬರೆದರು, ಉಲ್ಲೇಖಿಸಿದರು. ಸೋವಿಯತ್ ವ್ಯವಸ್ಥೆಯಲ್ಲಿದ್ದ ವೊಲೊಡೋಸ್‌ಗೆ ಅಂಥ ಓಡಾಟದ ಅವಕಾಶ ಎಲ್ಲಿತ್ತು?

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಪರೋಡಿಯವರ ಮೊದಲ ಸಾಧನ ಒಳಗಿನಿಂದ ಬಲೂನು ಉಬ್ಬಿಸಿದರೆ ಹಿಗ್ಗುವಂಥದ್ದು. ಇಂದು ಬೆಂಗಳೂರಿನಿಂದ ಬೋಸ್ಟನ್‌ವರೆಗೆ ಮಹಾಪಧಮನಿಗೆ ಹಾಕುವ ಇಂಥ ಸಾಧನಗಳಲ್ಲಿ, ಅಂದರೆ ಸ್ಟೆಂಟ್-ಗ್ರಾಫ್ಟ್‌ಗಳಲ್ಲಿ, ಬಹುಪಾಲು ತಾನಾಗಿ ಅರಳುವಂಥವು. ಅಂದರೆ ತತ್ತ್ವದಲ್ಲಿ ಅವು ಖಾರ್ಕಿವ್‌ನ ಸ್ಪ್ರಿಂಗಿಗೇ ಹತ್ತಿರ. ಕೆಲಸ ಉಳಿದುಕೊಂಡಿತು, ಮಾಡಿದವರ ಹೆಸರು ಎಣಿಕೆಯಿಂದ ಜಾರಿಹೋಯಿತು.

ಎಚ್-ಇಂಡೆಕ್ಸ್‌ನ ಲೆಕ್ಕ ಇಂಥವರಿಗೆ ಇನ್ನೂ ಕಠೋರ. ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಆ ಅಂಕಿ ಹತ್ತು. ಮೂರೇ ಪ್ರಬಂಧ ಬರೆದವರಿಗೆ, ಒಂದೊಂದಕ್ಕೂ ಸಾವಿರ ಉಲ್ಲೇಖ ಬಂದರೂ, ಆ ಅಂಕಿ ಮೂರನ್ನು ದಾಟದು. ಯಾಕಾಗಿ ಉಲ್ಲೇಖಿಸಿದರು ಎಂಬುದೂ ಅದಕ್ಕೆ ಬೇಕಿಲ್ಲ. ಬ್ರಿಟನ್ನಿನ ಇವಾರ್-1 ಎಂಬ ಚಿಕಿತ್ಸಾ ಪರೀಕ್ಷೆ 2004ರಲ್ಲಿ ಸ್ಟೆಂಟ್-ಗ್ರಾಫ್ಟ್ ವಿಧಾನಕ್ಕೆ ದೊಡ್ಡ ಬೆಂಬಲ ಕೊಟ್ಟಿತು: ಮೊದಲ 30 ದಿನಗಳ ಸಾವು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 4.7, ಇದರಲ್ಲಿ ಶೇ. 1.7. ಅದೇ ರೋಗಿಗಳ ದೀರ್ಘಕಾಲದ ಫಲಿತಾಂಶ 2016ರಲ್ಲಿ ಬಂದಾಗ, ಎಂಟು ವರ್ಷಗಳ ನಂತರ ಸಾವು ಸ್ಟೆಂಟ್-ಗ್ರಾಫ್ಟ್ ಗುಂಪಿನಲ್ಲೇ ಹೆಚ್ಚಾಗಿತ್ತು. ಭರವಸೆಗೂ ಎಚ್ಚರಿಕೆಗೂ ಎಣಿಕೆಯಲ್ಲಿ ಒಂದೇ ಬೆಲೆ.

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗೆ ಪ್ರಕಟಣೆಗಳು ಕಡ್ಡಾಯವಾಗಿರುವುದರಿಂದ ಇದು ದೂರದವರ ಸಂಗತಿಯೇನಲ್ಲ. ಅರ್ಜಿಯ ಜೊತೆ ಬಂದ ಪ್ರಬಂಧವನ್ನು ಆಯ್ಕೆ ಸಮಿತಿಯಲ್ಲಿ ಒಬ್ಬರಾದರೂ ಪೂರ್ತಿ ಓದಬೇಕು, ಅದರಿಂದ ರೋಗಿಗೇನಾಯಿತು ಎಂದು ಕೇಳಬೇಕು. ಇಷ್ಟು ಬಯಸುವುದು ಅತಿಯಾಸೆಯಲ್ಲ.

2016ರಲ್ಲಿ ತೀರಿಕೊಳ್ಳುವ ಮೊದಲು ವೊಲೊಡೋಸ್‌ಗೆ ಮನ್ನಣೆ ಸಿಕ್ಕಿತು. ಅಮೆರಿಕದ ಶಸ್ತ್ರವೈದ್ಯ ಫ್ರಾಂಕ್ ಕ್ರಿಯಾಡೊ ಅವರಂಥವರು ಅವರ ಪರವಾಗಿ ಬರೆದರು. ಆ ಮೊದಲ ದಿನಗಳ ಬಗ್ಗೆ ವೊಲೊಡೋಸ್ ಸ್ವತಃ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆದರು. ಈಗ ಅವರ ಹೆಸರು ನನಗೆ ಕಾಣಸಿಗುವುದು ಹೆಚ್ಚಾಗಿ ಲೇಖನಗಳ ಪೀಠಿಕೆಯಲ್ಲಿ, ‘ಮೊದಲಿಗರು’ ಎಂಬ ಒಂದು ಸಾಲಿನಲ್ಲಿ. ಸಾಧನದ ವಿನ್ಯಾಸವನ್ನು ಚರ್ಚಿಸುವ ಭಾಗ ಬಂದಾಗ ಆ ಹೆಸರು ಮತ್ತೆ ಇರುವುದಿಲ್ಲ. ಆ ಮೂರು ಪುಟಗಳಿಗೆ ನಿಜವಾಗಿ ಜಾಗ ಸಿಗಬೇಕಾದದ್ದು ಅಲ್ಲಿ.