ಕಸಿ ಟೊಮ್ಯಾಟೊ: ಒಂದು ವಿವೇಚನೆ

ಸಾಲ್ಫರ್ಡಿನ ಮೀಡಿಯಾಸಿಟಿಯಲ್ಲಿ, ಮ್ಯಾಂಚೆಸ್ಟರ್ ನೌಕಾಕಾಲುವೆಯ ಹಳೆಯ ಹಡಗುಕಟ್ಟೆಗಳ ಮೇಲೆ ಬಿಬಿಸಿಯ ಭವನಗಳೂ ಗಾಜುಗೋಡೆಯ ವಸತಿಗಳೂ ಎದ್ದು ನಿಂತಿರುವೆಡೆ, ಮಣ್ಣೆಂಬುದು ಚೀಲದ ಲೆಕ್ಕದಲ್ಲಿ ಕೊಂಡುತರತಕ್ಕ ಪದಾರ್ಥ. ಬಿಬಿಸಿಯ ಮಕ್ಕಳ ಕಾರ್ಯಕ್ರಮ 'ಬ್ಲೂ ಪೀಟರ್'ಗಾಗಿ ತೋಟಗಾರ ಪರ್ಸಿ ಥ್ರೋವರ್ 1974ರಲ್ಲಿ ಲಂಡನ್ನಿನಲ್ಲಿ ರೂಪಿಸಿದ ತೋಟವೂ ವಲಸೆ ಬಂದು ಇಲ್ಲಿ ನೆಲೆಸಿತು. ಇಂಥ ಊರಿನ ಬಾಲ್ಕನಿಯ ಕುಂಡಗಳಿಗೆಂದು, ಹೆಚ್ಚು ಫಲ, ಕಡಿಮೆ ರೋಗ ಎಂಬ ಸ್ತುತಿಯೊಡನೆ ದುಬಾರಿ ಬೆಲೆಗೆ ಬಿಕರಿಯಾಗುವ ಕಸಿ ಟೊಮ್ಯಾಟೊ ಸಸಿಗಳು ಆ ಸ್ತುತಿಗೆ ಅರ್ಹವೇ ಎಂಬುದು ವಿಚಾರಣೀಯ.

ಕಸಿಯ ಮಹಿಮೆಯೆಲ್ಲ ಬೇರಿನದು. ಬೆಳಿಗ್ಗೆ ಹಸುರಾಗಿ ನಿಂತ ಗಿಡವನ್ನು ಮಧ್ಯಾಹ್ನಕ್ಕೆ ಜೋಲುಬೀಳಿಸುವ ದುಂಡಾಣು ಸೊರಗುರೋಗ ಹೊಕ್ಕ ನಮ್ಮ ನಾಡಿನ ಹೊಲಗಳಲ್ಲಿ ಬದನೆಯ ಬೇರಿನ ಮೇಲೆ ಟೊಮ್ಯಾಟೊ ಕುಡಿಯನ್ನು ಕೂಡಿಸುವುದು ನಿಜವಾದ ಪರಿಹಾರ. ವರ್ಷ ವರ್ಷವೂ ಒಂದೇ ನೆಲದಲ್ಲಿ ಬೆಳೆದು, ಬೇರು ಬೆಂಡಾಗುವ ರೋಗಕ್ಕೆ ತುತ್ತಾದ ಇಂಗ್ಲೆಂಡಿನ ಗಾಜುಮನೆಗಳಿಗೂ ಅದು ನೆರವಾದುದುಂಟು. ಆದರೆ ಹೊಸ ಗೊಬ್ಬರ ತುಂಬಿದ ಕುಂಡದಲ್ಲಿ ಮಣ್ಣಿನಲ್ಲಿ ಅಡಗುವ ಆ ಶತ್ರುಗಳೇ ಇಲ್ಲ. ಮ್ಯಾಂಚೆಸ್ಟರಿನ ಮಳೆಗಾಳಿಯೊಡನೆ ಬರುವ ಅಂಗಮಾರಿಯೋ ಎರಗುವುದು ಎಲೆಯ ಮೇಲೆ; ಬೇರು ಎಷ್ಟೇ ಬಲಿಷ್ಠವಾಗಿದ್ದರೂ ಎಲೆ ಕುಡಿಗೆ ಸೇರಿದ್ದೇ ತಾನೆ! ಉಳಿಯುವ ಲಾಭ ಗಿಡದ ಹುರುಪೊಂದೇ. ಬೇಸಗೆ ಬೇಗ ಮುಗಿಯುವ ಈ ಸೀಮೆಯಲ್ಲಿ, ಮನೆಯಲ್ಲಿಯೇ ಕಸಿ ಕಟ್ಟುವವನು ಗಾಯ ಮಾಯಲು ಕಳೆಯುವ ಒಂದೆರಡು ವಾರ ಆ ಲಾಭವನ್ನೂ ಕೊಂಚ ಮುಕ್ಕುತ್ತದೆ.

ಆದರೂ ಗಾಯ ಮಾಯಿಸುವ ಆ ಶುಶ್ರೂಷೆಯನ್ನು ನಾನು ಹಗುರವಾಗಿ ಕಾಣಲಾರೆ. ಈ ವಿದ್ಯೆಯ ಸೊಗಸೆಲ್ಲ ಅಲ್ಲಿದೆ. ಸಮಗಾತ್ರದ ಎರಡು ಎಳೆಗಾಂಡಗಳನ್ನು ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ದು, ಕೊಯ್ದ ಮೈಗಳು ಒಣಗುವ ಮುನ್ನ ಒಂದಕ್ಕೊಂದು ಹೊಂದಿಸಿ ಸಿಲಿಕೋನ್ ಕ್ಲಿಪ್ ತೊಡಿಸುವುದು ಕ್ಷಣದ ಕೆಲಸ. ಬಳಿಕ ಬೇರಿನ ನೀರು ಕುಡಿಗೆ ಏರದ ಆ ಕೆಲವು ದಿನ, ಸುಮಾರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇ. 90ಕ್ಕೂ ಮಿಕ್ಕಿದ ತೇವದಲ್ಲಿ, ಮೊದಲೆರಡು ದಿನ ಕತ್ತಲೆಯಲ್ಲಿಟ್ಟು ಕಾಯಬೇಕು. ಮುಚ್ಚಳ ತೆಗೆಯಲು ಆತುರಪಟ್ಟರೆ ಎಲೆ ಬಾಡುತ್ತದೆ, ಮರೆತರೆ ಕೊಳೆಯುತ್ತದೆ. ಸಂಧಿಯ ಮೇಲೆ ನೀರು ನಿಲ್ಲದಂತೆ ತಟ್ಟೆಯ ಕೆಳಗಿನಿಂದಲೇ ನೀರುಣಿಸಬೇಕು. ನಾಳಗಳು ಕೂಡಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ; ಆ ಬಳಿಕ ದಿನಕ್ಕಿಷ್ಟು ಎಂದು ಗಾಳಿಬೆಳಕಿಗೆ ಒಗ್ಗಿಸುವುದರಲ್ಲಿಯೇ ಕೈಯ ಪಳಗಿಕೆ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆಯೂ, ಟೊಮ್ಯಾಟೊವನ್ನು ಕತ್ತಿನವರೆಗೆ ಹೂಳಿ ನೆಡುವ ಹಳೆಯ ಅಭ್ಯಾಸದಂತೆ ಕಸಿಯ ಗಂಟನ್ನು ಮಣ್ಣಿನೊಳಗೆ ಇಳಿಸಿದರೆ, ಕುಡಿಯೇ ಬೇರು ಬಿಟ್ಟು, ಕಸಿಯ ಬೇರನ್ನು ವ್ಯರ್ಥಗೊಳಿಸುತ್ತದೆ. ತೆತ್ತ ದುಬಾರಿ ಬೆಲೆಗೆ ದೊರೆತದ್ದು ಆಗ ಸಾಧಾರಣ ಸಸಿಯೇ.