ಸುತ್ತಲಿನ ದನಿಯನ್ನೆಲ್ಲ ಹಿಡಿಯುವ ಫೋನು

ಮೂರು ಕಾಲು ಚಾಚಿ ಮೇಜಿನ ನಡುವೆ ಕೂರುವ ಕಾನ್ಫರೆನ್ಸ್ ಫೋನನ್ನು ಕಚೇರಿಗಳಲ್ಲಿ ಕಂಡವರು ಬಹಳ. ಪಾಲಿಕಾಮ್ ಕಂಪನಿ 1992ರಲ್ಲಿ ತಂದ ಸೌಂಡ್‌ಸ್ಟೇಷನ್ನಿನಿಂದ ಈ ರೂಪ ಬಳಕೆಗೆ ಬಂತು. ಸುತ್ತ ಕೂತವರಲ್ಲಿ ಯಾರು ಬಾಯಿ ಬಿಟ್ಟರೂ ಆಚೆಯವರಿಗೆ ಕೇಳಬೇಕು, ಅದರ ಕಸುಬೇ ಅದು. ಈಗ ತಂತಿ ಕಳಚಿ, ಬ್ಯಾಟರಿ ತುಂಬಿಕೊಂಡು, ಮನೆಯಿಂದಲೇ ಕೆಲಸ ಮಾಡುವವರ ಕೋಣೆಗೂ ಬಂದಿದೆ.

ಇದರ ಹೆಚ್ಚುಗಾರಿಕೆ ಇರುವುದು ಪ್ರತಿಧ್ವನಿ ಅಳಿಸುವ ಲೆಕ್ಕದಲ್ಲಿ. ಸ್ಪೀಕರು, ಮೈಕು ಒಂದೇ ಡಬ್ಬಿಯಲ್ಲಿದ್ದರೆ ಆಚೆಯವರ ಮಾತು ಅವರ ಕಿವಿಗೇ ವಾಪಸು ಹೋಗುತ್ತದೆ. ಹಳೆಯ ಸ್ಪೀಕರ್‌ಫೋನುಗಳು ಇದಕ್ಕೆ ಕಂಡುಕೊಂಡ ಉಪಾಯ ಒರಟು: ಒಬ್ಬರು ಮಾತಾಡುವಾಗ ಇನ್ನೊಬ್ಬರ ಬಾಯಿ ಕಟ್ಟುವುದು. ನಡುವೆ ‘ಹ್ಞೂಂ’ ಅಂದರೂ ಸಾಕು, ಆಚೆಯ ಮಾತು ತುಂಡಾಗುತ್ತಿತ್ತು. ಮರಳಿ ಬರುವ ದನಿಯನ್ನು ಕ್ಷಣಕ್ಷಣವೂ ಅಂದಾಜು ಮಾಡಿ ಕಳೆಯುವ ವಿಧಾನ ರೂಪುಗೊಂಡದ್ದು 1960ರ ದಶಕದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆ ಕುರಿತು 1967ರಲ್ಲಿ ಮುಖ್ಯ ಪ್ರಬಂಧ ಬರೆದ ಮನಮೋಹನ್ ಸೋಂಧಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಓದಿದವರು. ಅವರ ಕಾಲದ ಚಿಂತೆ ದೂರದ ಟೆಲಿಫೋನ್ ಮಾರ್ಗಗಳದ್ದು. ಇಬ್ಬರೂ ಒಟ್ಟಿಗೆ ಮಾತಾಡಿದರೂ ಕೇಳುವ ಇಂದಿನ ಸೌಕರ್ಯ ಅದೇ ಬೇರಿನಿಂದ ಬಂದದ್ದು.

ಆದರೆ ಯಂತ್ರ ಕಳೆಯಬಲ್ಲದ್ದು ಮುಖ್ಯವಾಗಿ ತನ್ನ ಸ್ಪೀಕರಿನ ದನಿಯನ್ನು. ನಮ್ಮದೇ ಮಾತು ಟೈಲ್ಸ್ ನೆಲಕ್ಕೂ ಬೋಳು ಗೋಡೆಗೂ ಬಡಿದು ಮೈಕಿಗೆ ಬರುವುದು ಬೇರೆಯೇ ಸಮಸ್ಯೆ. ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮೊಳಗು ಇದ್ದಷ್ಟೇ ಇರುತ್ತದೆ. ಕೇಳುವವರಿಗೆ ನಾವು ಖಾಲಿ ಬಾವಿಯೊಳಗಿಂದ ಮಾತಾಡಿದ ಹಾಗೆ. ಫ್ಯಾನಿನ ಒಂದೇ ಸಮನಾದ ಸದ್ದನ್ನು ಫೋನು ಚೆನ್ನಾಗಿಯೇ ಅಡಗಿಸುತ್ತದೆ, ಕುಕ್ಕರಿನ ಸೀಟಿಗೆ ತಡವರಿಸುತ್ತದೆ. ಇನ್ನು ಬೀದಿಯಲ್ಲಿ ಸೊಪ್ಪು ಮಾರುವವರ ಕೂಗು ಮನುಷ್ಯರ ದನಿಯೇ ತಾನೆ? ಅವರನ್ನೂ ಮೀಟಿಂಗಿಗೆ ಸೇರಿಸಿಕೊಳ್ಳುತ್ತದೆ.

ಮನೆಮಂದಿಯ ಪಾಡನ್ನು ಇದರ ಜಾಹೀರಾತುಗಳು ಎತ್ತುವುದೇ ಇಲ್ಲ. ಸ್ಪೀಕರಿನಲ್ಲಿ ಮ್ಯಾನೇಜರು ಯಾರನ್ನೋ ಗದರಿಸುವುದು ನಡುಮನೆಗೆಲ್ಲ ಕೇಳುತ್ತದೆ. ಸಂಬಳದ ಮಾತು, ಗ್ರಾಹಕರ ಗುಟ್ಟು ಕೂಡ. ಮಾತಾಡುತ್ತಿರುವ ಆಚೆಯವರಿಗೆ ಇದರ ಅರಿವೂ ಇರುವುದಿಲ್ಲ. ನನ್ನ ಮಟ್ಟಿಗೆ ಈ ಫೋನಿನ ಮೇಲಿನ ದೊಡ್ಡ ಆಕ್ಷೇಪ ಇದೇ.

ತಂತಿ ಇಲ್ಲದ್ದರಿಂದ ಆದ ಲಾಭ? ಸ್ವಲ್ಪವೇ. ಡೆಕ್ಟ್ ಎಂಬ ತಂತಿರಹಿತ ಫೋನ್ ತಂತ್ರಜ್ಞಾನದವು 1.9 ಗಿಗಾಹರ್ಟ್ಸ್ ಆಸುಪಾಸಿನ ತರಂಗ ಬಳಸುವುದರಿಂದ, ಬ್ಲೂಟೂತಿನಂತೆ 2.4 ಗಿಗಾಹರ್ಟ್ಸ್‌ನಲ್ಲಿ ವೈಫೈ, ಮೈಕ್ರೋವೇವ್ ಒಲೆಗಳ ನಡುವೆ ನುಸುಳಬೇಕಿಲ್ಲ. ಆದರೆ ಅವಕ್ಕೆ ಗೋಡೆಯ ಪ್ಲಗ್ಗಿನಲ್ಲಿ ಬೇಸ್ ಬೇಕು. ಕರೆಂಟು ಹೋದಾಗ ಅದಕ್ಕೆ ಯುಪಿಎಸ್ ಇಲ್ಲದಿದ್ದರೆ ಫೋನಿನ ಬ್ಯಾಟರಿ ತುಂಬಿದ್ದೂ ದಂಡ.

ಇಬ್ಬರು ಮೂವರು ಒಂದೇ ಮೇಜಿಗೆ ಕೂತು ಕೆಲಸ ಮಾಡುವ ಮನೆ-ಕಚೇರಿಯಾದರೆ, ಬಾಗಿಲು ಹಾಕಿಕೊಳ್ಳುವ ಕೋಣೆಯಿದ್ದರೆ, ಕಿಟಕಿಗೆ ದಪ್ಪ ಪರದೆ ಕಟ್ಟಿ ಇದನ್ನು ಧಾರಾಳವಾಗಿ ಬಳಸಬಹುದು. ಒಬ್ಬರೇ ಕೂರುವ ಕೋಣೆಗೆ ಇದು ದುಂದು. ಮೈಕು ಬಾಯಿಯ ಹತ್ತಿರವೇ ಇರುವ ಸಾಧಾರಣ ಹೆಡ್‌ಸೆಟ್ ಇದಕ್ಕಿಂತ ಮೇಲು.