ಹತ್ತಿದ ಬೆಂಕಿ, ಹಚ್ಚಿದ ಬೆಂಕಿ

ಬೆಂಕಿಯ ವಿಷಯದಲ್ಲಿ ಕನ್ನಡಕ್ಕೆ ಎರಡು ಮಾತುಗಳಿವೆ. ಬೆಂಕಿ ಹತ್ತುತ್ತದೆ, ಬೆಂಕಿಯನ್ನು ಹಚ್ಚುತ್ತಾರೆ. ಮೊದಲನೆಯ ಮಾತಿನಲ್ಲಿ ಮನುಷ್ಯನಿಲ್ಲ, ಎರಡನೆಯದರಲ್ಲಿ ಇದ್ದಾನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಯಾರದಾದರೂ ಬಣವಿ ಸುಟ್ಟರೆ ಜನ ಮೊದಲು ಕೇಳುವುದೇ ಇದನ್ನು: “ತಾನ ಹತ್ತೇತೋ, ಯಾರರ ಹಚ್ಚ್ಯಾರೋ?” ದನದ ಮೇವಿಗೆ ಇಷ್ಟು ವಿಚಾರಣೆ ಉಂಟು. ಮನೆ ಸುಟ್ಟು ಮನುಷ್ಯರು ಸತ್ತ ಕಥೆಗಳಲ್ಲಿ ಈ ಪ್ರಶ್ನೆಯ ಗತಿ ಏನಾಗುತ್ತದೆ ಎಂಬುದನ್ನು ನೋಡುವುದು ನನ್ನ ಉದ್ದೇಶ. ಅದಕ್ಕಾಗಿ ಎರಡು ಮನೆಗಳನ್ನು ಆರಿಸಿಕೊಂಡಿದ್ದೇನೆ. ಒಂದು ಮಹಾಭಾರತದ ಅರಗಿನ ಮನೆ. ಇನ್ನೊಂದು ನಮ್ಮ ರಾಜ್ಯದ ಕಂಬಾಲಪಲ್ಲಿಯದು.

ನಾನಿರುವ ಹಾನಗಲ್ಲಿಗೂ ಪಾಂಡವರಿಗೂ ಹಳೆಯ ನಂಟಿದೆ. ಶಾಸನಗಳಲ್ಲಿ ಈ ಊರಿಗೆ ವಿರಾಟನಗರಿ ಎಂಬ ಹೆಸರೂ ಇದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಇಲ್ಲಿ ಕುಂತಿಯ ಹೆಸರಿನ ಒಂದು ಮಣ್ಣಿನ ದಿಬ್ಬವೂ ಉಂಟು. ಮಕ್ಕಳನ್ನು ಕಟ್ಟಿಕೊಂಡು ಕಾಡು ಮೇಡು ಅಲೆದ ತಾಯಿ ಎಂದು ನಮ್ಮ ಹೆಂಗಸರಿಗೆ ಕುಂತಿಯ ಮೇಲೆ ಮಮತೆ. ಅವಳು ಮಕ್ಕಳೊಡನೆ ಅರಗಿನ ಮನೆಯಿಂದ ಪಾರಾಗುವ ಭಾಗ ಬಂದಾಗ ಕೇಳುವವರೆಲ್ಲ ಸಮಾಧಾನದ ಉಸಿರು ಬಿಡುತ್ತಾರೆ.

ವ್ಯಾಸಭಾರತದ ಆದಿಪರ್ವವನ್ನು ನಿಧಾನವಾಗಿ ಓದಿದರೆ ಆ ಉಸಿರು ಅಷ್ಟು ಹಗುರಾಗಿ ಹೊರಡುವುದಿಲ್ಲ. ದುರ್ಯೋಧನನ ಕಡೆಯ ಪುರೋಚನ ವಾರಣಾವತದಲ್ಲಿ ಅರಗಿನ ಮನೆ ಕಟ್ಟಿಸಿ, ಪಾಂಡವರನ್ನು ಅದರೊಳಗೆ ಸುಡಲು ಕಾದಿದ್ದ. ವಿದುರ ಕಳಿಸಿದ ಆಳು ಗುಟ್ಟಾಗಿ ಸುರಂಗ ತೋಡಿದ. ಇಷ್ಟು ಎಲ್ಲರಿಗೂ ಗೊತ್ತು. ಮುಂದೆ ಯುಧಿಷ್ಠಿರ ತಮ್ಮಂದಿರಿಗೆ ಒಂದು ಮಾತು ಹೇಳುತ್ತಾನೆ: ಪುರೋಚನನನ್ನು ಸುಟ್ಟು, ಆರು ಜೀವಗಳನ್ನು ಇಲ್ಲಿ ಇರಿಸಿ, ಯಾರಿಗೂ ತಿಳಿಯದಂತೆ ಹೋಗೋಣ. ಆಮೇಲೆ ಕುಂತಿ ದಾನದ ನೆವದಲ್ಲಿ ಊಟ ಇಡುತ್ತಾಳೆ. ಅನ್ನದ ಆಸೆಗೆ ನಿಷಾದ ಹೆಂಗಸೊಬ್ಬಳು ಐವರು ಗಂಡುಮಕ್ಕಳೊಂದಿಗೆ ಬರುತ್ತಾಳೆ. ಉಂಡು, ಕುಡಿದು, ಮೈಮರೆತು ಅಲ್ಲಿಯೇ ಮಲಗುತ್ತಾಳೆ. ಆ ರಾತ್ರಿ ಭೀಮ ಬೆಂಕಿ ಹಚ್ಚುತ್ತಾನೆ.

ಅವಳನ್ನು ಅಲ್ಲಿಗೆ ಕಾಲವೇ ಕರೆತಂದಿತು ಎನ್ನುತ್ತಾನೆ ಕವಿ. ಆದರೆ ಆರು ಎಂಬ ಲೆಕ್ಕ ಮೊದಲೇ ಆಗಿತ್ತು. ಕಾಲದ ಹೆಸರು ಬಂದದ್ದು ಆಮೇಲೆ. ಮಾರನೆಯ ದಿನ ಊರವರು ಬೂದಿ ಕೆದಕಿ ಆರು ಹೆಣ ಕಂಡು ಪಾಂಡವರೇ ಸತ್ತರೆಂದು ಅಳುತ್ತಾರೆ, ದುರ್ಯೋಧನನನ್ನು ಬೈಯುತ್ತಾರೆ. ಅವರೊಡನೆ ಬೂದಿ ತೆಗೆಯುವ ನೆವದಲ್ಲಿ ಸುರಂಗ ತೋಡಿದ ಆಳೇ ಬಂದು ಅದರ ಬಾಯನ್ನು ಮುಚ್ಚಿಬಿಡುತ್ತಾನೆ. ಇಂದಿನ ಮಾತಿನಲ್ಲಿ ಇದು ಸಾಕ್ಷ್ಯನಾಶ. ಹಸ್ತಿನಾವತಿಯಲ್ಲಿ ಉತ್ತರಕ್ರಿಯೆಗಳೂ ನಡೆಯುತ್ತವೆ, ಬದುಕಿದ್ದವರ ಹೆಸರಿನಲ್ಲಿ. ಸತ್ತವಳಿಗೆ ಕವಿ ಕೊಟ್ಟದ್ದು ಒಂದೇ ಒಂದು ವಿಶೇಷಣ, ತಪ್ಪಿಲ್ಲದವಳು ಎಂದು. ಆ ಒಂದು ಮಾತಿಗಾಗಿ ಕವಿಯನ್ನು ನಾನು ಗೌರವಿಸುತ್ತೇನೆ. ಅವನಿಗೆ ತಿಳಿದಿತ್ತು. ತಿಳಿದೂ ಕಥೆಯನ್ನು ಪಾಂಡವರ ಹಿಂದೆ ಕಾಡಿಗೆ ನಡೆಸಿದ.

ಶ್ರಾವಣದ ಪುರಾಣವೊಂದರಲ್ಲಿ ಈ ಪ್ರಸಂಗ ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳಿದ್ದು ನನಗೆ ಮರೆತಿಲ್ಲ. “ಆ ಹೆಣ್ಣಮಗಳ ಹೆಸರೇನ್ರಿ ಸ್ವಾಮಿ?” ಪುರಾಣ ಹೇಳುವವರು ಪುಟ ತಿರುವಿ ನೋಡಿ, “ಇದರಾಗ ಹೆಸರಿಲ್ಲವ್ವಾ” ಅಂದರು. ಮುದುಕಿ, “ಐದು ಮಂದಿ ಮಕ್ಕಳ ತಾಯಿ, ಹೆಸರಿಲ್ಲದ ಹೆಂಗ ಇದ್ದಾಳು?” ಎಂದು ಪಕ್ಕದವರಿಗೆ ಹೇಳಿ ಸುಮ್ಮನಾದಳು. ಅರಗಿನ ಮನೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಬಂಗಾಳಿಯ ಮಹಾಶ್ವೇತಾ ದೇವಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು ‘ಕುಂತಿ ಓ ನಿಷಾದಿ’ ಎಂಬ ಕಥೆ ಬರೆದರು. ಮುಪ್ಪಿನ ಕುಂತಿ ಕಾಡಿನಲ್ಲಿ ತನ್ನ ಪಾಪಗಳನ್ನು ತಾನೇ ಹೇಳಿಕೊಳ್ಳುತ್ತಿರುತ್ತಾಳೆ. ಕರ್ಣನ ವಿಷಯವೆಲ್ಲ ಬರುತ್ತದೆ, ಅರಗಿನ ಮನೆಯದು ಬರುವುದಿಲ್ಲ. ಸುಟ್ಟು ಸತ್ತವಳ ಸೊಸೆ ಎದುರು ನಿಂತು ಅದನ್ನು ನೆನಪಿಸುತ್ತಾಳೆ. ಪಾಪದ ಪಟ್ಟಿಯಲ್ಲಿ ಬಿಟ್ಟುಹೋದದ್ದೇ ದೊಡ್ಡ ಪಾಪ ಎಂದು ತೋರಿಸಿದ್ದು ಈ ಕಥೆಯ ಹೆಚ್ಚುಗಾರಿಕೆ. ಆದರೂ ನನ್ನದೊಂದು ತಕರಾರಿದೆ. ಇಲ್ಲಿಯೂ ನಾವು ಕುಂತಿಯ ಪಕ್ಕದಲ್ಲಿ ಕುಳಿತೇ ಕೇಳುತ್ತೇವೆ. ಅವಳ ಬೆಚ್ಚುವಿಕೆಯೇ ನಮ್ಮನ್ನು ಹಿಡಿಯುತ್ತದೆ. ಅತ್ತೆ ಮನೆಗೆ ಮರಳದ ಆ ರಾತ್ರಿ ಸೊಸೆಯ ಗುಡಿಸಲಿನಲ್ಲಿ ಏನಾಯಿತು? ಆ ಕಥೆ ಇನ್ನೂ ಬರೆಯುವವರಿಗಾಗಿ ಕಾದಿದೆ.

ಪುರಾಣದಲ್ಲಿ ಹಚ್ಚಿದವನ ಹೆಸರು ಗೊತ್ತು, ಸತ್ತವಳ ಹೆಸರು ಗೊತ್ತಿಲ್ಲ. ನಮ್ಮ ಕಾಲದಲ್ಲಿ ಇದು ತಿರುವುಮುರುವಾಗಿದೆ. 2000ದ ಮಾರ್ಚ್ 11ರ ರಾತ್ರಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಲಾಯಿತು. 7 ಮಂದಿ ಸುಟ್ಟು ಸತ್ತರು. ಅವರಲ್ಲಿ ಹೆಂಗಸರೂ ಇದ್ದರು. ಊರಿನಲ್ಲಿ ಹಳೆಯ ಹಗೆಯಿತ್ತು, ಕೊಲೆಯ ಹಿನ್ನೆಲೆಯೂ ಇತ್ತು. ಸತ್ತವರ ಹೆಸರು ಪತ್ರಿಕೆಗಳಲ್ಲಿ ಬಂತು, ಮಂತ್ರಿಗಳು ಬಂದರು, ಮೊಕದ್ದಮೆ ನಡೆಯಿತು. ಆದರೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಮಾತು ಬದಲಿಸಿದರು. 2006ರ ಡಿಸೆಂಬರಿನಲ್ಲಿ ಕೋಲಾರದ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಇಂಥ ತೀರ್ಪನ್ನು ಓದುವುದಕ್ಕೂ ಒಂದು ವಿವೇಕ ಬೇಕು. ಪುರಾವೆ ಇಲ್ಲದೆ ಯಾರನ್ನೂ ಜೈಲಿಗೆ ಕಳಿಸಬಾರದು. ಅದು ನಮ್ಮೆಲ್ಲರ ರಕ್ಷಣೆಗಿರುವ ನಿಯಮ. ನ್ಯಾಯಾಲಯ ಉತ್ತರಿಸಿದ್ದು ‘ಇವರೇ ಹಚ್ಚಿದರೆಂದು ಸಾಬೀತಾಯಿತೇ?’ ಎಂಬ ಪ್ರಶ್ನೆಗೆ. ‘ಹಾಗಾದರೆ ಹಚ್ಚಿದವರು ಯಾರು?’ ಎಂಬುದು ಬೇರೆ ಪ್ರಶ್ನೆ. ಎರಡನೆಯದನ್ನು ಮತ್ತೆ ಕೈಗೆತ್ತಿಕೊಳ್ಳುವವರಿಲ್ಲದೆ ಹೋದಾಗ ಹಚ್ಚಿದ ಬೆಂಕಿ ತಾನಾಗಿ ಹತ್ತಿದ ಬೆಂಕಿಯಾಗಿಬಿಡುತ್ತದೆ. ತಮಿಳುನಾಡಿನ ಕಿಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರ ರಾತ್ರಿ ಒಂದೇ ಗುಡಿಸಲಿನಲ್ಲಿ 44 ಮಂದಿ ದಲಿತರು ಬೆಂದುಹೋದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದ ಭೂಮಾಲೀಕರನ್ನು ಮದ್ರಾಸ್ ಹೈಕೋರ್ಟು ಬಿಟ್ಟಿತು. ಇಂಥ ಸ್ಥಿತಿವಂತರು ತಾವೇ ನಡೆದುಹೋಗಿ ಬೆಂಕಿ ಹಚ್ಚಿರಬಹುದೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಯಾರ ಮಾತನ್ನು ನಂಬಬೇಕು ಎಂಬುದರಲ್ಲಿಯೇ ಎಷ್ಟೊಂದು ಹಿಂದಿನ ನಂಬಿಕೆಗಳು ಕೆಲಸ ಮಾಡುತ್ತವೆ!

ಇಲ್ಲಿ ನನಗೆ ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ನೆನಪಾಗುತ್ತಾರೆ. ಅವರ ‘ರಾಮಧಾನ್ಯ ಚರಿತ್ರೆ’ಯೂ ಒಂದು ಮೊಕದ್ದಮೆಯೇ. ನೆಲ್ಲು ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ರಾಮನ ಮುಂದೆ ಬರುತ್ತದೆ. ಅಲ್ಲಿ ಬಡವರ ರಾಗಿ ತುಂಬಿದ ಸಭೆಯಲ್ಲಿ ತನ್ನ ಮಾತನ್ನು ತಾನೇ ಆಡುತ್ತದೆ, ನೆಲ್ಲಿನ ಮುಖಕ್ಕೇ ಆಡುತ್ತದೆ. ರಾಮ ಅವಸರದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸುತ್ತಾನೆ. ನಾನು ಮೆಚ್ಚುವುದು ರಾಗಿ ಗೆದ್ದದ್ದಕ್ಕಿಂತ, ಮಾತು ಮುಗಿಯುವವರೆಗೆ ಅದನ್ನು ಯಾರೂ ಬೆದರಿಸಲಿಲ್ಲ ಎಂಬುದನ್ನು. ನಿಷಾದಿಗೆ ಆಡಲು ಒಂದು ಮಾತೂ ಸಿಗಲಿಲ್ಲ. ಕಂಬಾಲಪಲ್ಲಿಯಲ್ಲಿ ಆಡಿದ ಮಾತು ಕೋರ್ಟಿನವರೆಗೆ ಉಳಿಯಲಿಲ್ಲ.

ಮಾತು ಉಳಿಯಬೇಕಾದರೆ ಸಾಕ್ಷಿ ಉಳಿಯಬೇಕು. ಪರಿಶಿಷ್ಟರ ಮನೆಗೆ ಬೆಂಕಿ ಇಟ್ಟವರಿಗೆ ಜೀವಾವಧಿ ಶಿಕ್ಷೆ ಎಂದು 1989ರ ದೌರ್ಜನ್ಯ ತಡೆ ಕಾಯಿದೆಯೇ ಹೇಳಿತ್ತು. ಆದರೆ ನೊಂದವರ, ಸಾಕ್ಷಿಗಳ ಹಕ್ಕುಗಳ ಅಧ್ಯಾಯ ಅದಕ್ಕೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿದ್ದು 2018ರಲ್ಲಿ. ಕಂಬಾಲಪಲ್ಲಿ ಸುಟ್ಟು ಆಗಲೇ ಹದಿನೆಂಟು ವರ್ಷ. ಸುಟ್ಟವರು ಅದೇ ಊರಿನಲ್ಲಿ, ಸುಟ್ಟುಕೊಂಡವರು ಅದೇ ಊರಿನಲ್ಲಿ, ಕೂಲಿಗೆ ಅವರದೇ ಹೊಲ, ನೀರಿಗೆ ಅದೇ ಬಾವಿ ಎಂದಾದರೆ ಸತ್ಯ ಹೇಳುವುದಕ್ಕೆ ಎಂಥ ಗುಂಡಿಗೆ ಬೇಕು! ಮಾತು ಬದಲಿಸಿದವರನ್ನು ಹಗುರಾಗಿ ಬೈಯುವ ಮುನ್ನ ನಾವು ಇದನ್ನು ಯೋಚಿಸಬೇಕು.

ಪೇಟೆಯಲ್ಲಿರುವ ನಮಗೆ ಇದೆಲ್ಲ ದೂರದ್ದೆಂದು ಅನ್ನಿಸಬಹುದು. ಹಾಗಿಲ್ಲ. ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಓದುತ್ತಲೇ ನಮ್ಮ ಪೀಳಿಗೆ ಬೆಳೆಯಿತು. ಆ ಸ್ಟೋವುಗಳು ಅತ್ತೆಯಂದಿರನ್ನು, ಗಂಡಂದಿರನ್ನು ಬಿಟ್ಟು ಹೊಸ ಸೊಸೆಯಂದಿರನ್ನೇ ಹುಡುಕಿ ಸಿಡಿಯುತ್ತಿದ್ದವು! ಕೇಳಿದವರಿದ್ದರಿಂದಲೇ 1986ರಲ್ಲಿ ವರದಕ್ಷಿಣೆ ಸಾವಿಗೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮು ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಸತ್ತರೆ ಮುಂಚಿನಂತೆ ಅಪಘಾತ ಎಂದು ಬರೆದು ಮುಗಿಸುವುದು ಈಗ ಅಷ್ಟು ಸುಲಭವಲ್ಲ. ಹತ್ತಿತು ಎಂಬ ಪದವನ್ನು ಹಚ್ಚಿದರು ಎಂದು ತಿದ್ದಿದವರು ಹೆಚ್ಚಾಗಿ ಸತ್ತವಳ ತವರಿನವರು, ಅವರ ಬೆನ್ನಿಗೆ ನಿಂತ ಮಹಿಳಾ ಸಂಘಟನೆಗಳು.

ಹಾಗಾಗಿ ನನ್ನ ಓದುಗ ಗೆಳತಿಯರಲ್ಲಿ ಒಂದು ಕೋರಿಕೆ. ಪತ್ರಿಕೆಯಲ್ಲಿ ಮನೆ ಸುಟ್ಟ ಸುದ್ದಿ ಕಂಡರೆ ಅದನ್ನು ಕತ್ತರಿಸಿ ಇಡಿ. ಆರು ತಿಂಗಳ ಮೇಲೆ ತೆಗೆದು, ವಿಚಾರಣೆ ಎಲ್ಲಿಗೆ ಬಂತೆಂದು ನಿಮ್ಮ ಸಂಘದಿಂದ ಪತ್ರಿಕೆಗೊಂದು ಕಾಗದ ಬರೆಯಿರಿ. ಮೂರು ಸಾಲಾದರೂ ಸಾಕು, ಸುಟ್ಟುಹೋದವರ ಹೆಸರು ಅದರಲ್ಲಿರಲಿ.